ಎರಡೂ ಕಡೆಯ ನೀರು

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಸುತ್ತಮುತ್ತ ಬದುವಿನ ಜಗಳ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಅನುಸರಿಸುವ ಒಂದು ಕ್ರಮವಿದೆ. ಇಬ್ಬರೂ ಒಪ್ಪುವ ಹಿರಿಯರೊಬ್ಬರು ಬಂದು, ಹೆಗಲ ಮೇಲಿನ ಟವೆಲನ್ನು ಜಗಳದ ಬದುವಿನ ಮೇಲೆ ಹಾಸಿ, ಅದರ ಮೇಲೆ ಕೂತು, ಕುಡಿಯಲು ನೀರು ಕೇಳುತ್ತಾರೆ. ನೀರು ಎರಡೂ ಕಡೆಯಿಂದ ಬರಬೇಕು. ಒಂದೇ ಕಡೆಯಿಂದ ಬಂದರೆ ಅವರು ಎದ್ದು ಟವೆಲ್ ಕೊಡವಿಕೊಂಡು ಮನೆಗೆ ಹೋಗುತ್ತಾರೆ. ಮುಂದಿನದು ಪೊಲೀಸ್ ಠಾಣೆಗೆ ಬಿಟ್ಟದ್ದು. ಎರಡೂ ಕಡೆಯ ನೀರು ಕುಡಿದರೋ, ಅಲ್ಲಿಗೆ ಗುದ್ದಲಿ, ಕುಡುಗೋಲು ಕೆಳಗಿಡಬೇಕು. ಕುಡಿದವರಿಗೂ ಬಿಡುಗಡೆಯಿಲ್ಲ. ಆ ವ್ಯಾಜ್ಯ ಮುಗಿಯುವವರೆಗೆ ಅವರು ಇನ್ನೊಂದು ಬದುವಿನ ಮೇಲೆ ಕೂರುವಂತಿಲ್ಲ. ನೀರು ಕುಡಿದು, ತೀರ್ಮಾನ ಹೇಳದೆ ಎದ್ದುಹೋದವರನ್ನು ಮತ್ತೆ ಯಾರೂ ಕರೆಯುವುದಿಲ್ಲ. ಇದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಆದ್ದರಿಂದ ಚಾಚೂ ತಪ್ಪದೆ ಪಾಲನೆಯಾಗುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಮ್ಮ ಕಡೆಯ ಯಜಮಾನರೊಬ್ಬರು ಈ ಕ್ರಮವನ್ನು ಪ್ಯಾಲೆಸ್ಟೀನಿಯರ ಮತ್ತು ಇಸ್ರೇಲಿಗಳ ನಡುವೆ ಜಾರಿಗೆ ತಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಹಾಸನದಿಂದ ಹೊರಡುವ ಒಂದು ಪತ್ರಿಕೆಯ ವರದಿಗಾರ. ಅಲ್ಲಿ ದೊಡ್ಡ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ನಮ್ಮ ಜಿಲ್ಲೆಯ ಕೆಲವು ಪ್ರಗತಿಪರ ರೈತರು ಹನಿ ನೀರಾವರಿ ನೋಡಿಬರಲು ಇಸ್ರೇಲಿಗೆ ಹೊರಟರು. ಪ್ರಗತಿಪರ ರೈತ ಎಂದರೆ ಪಾಸ್‌ಪೋರ್ಟ್ ಇರುವ ರೈತ. ಜೊತೆಗೆ ಒಬ್ಬ ಪತ್ರಕರ್ತ ಇದ್ದರೆ ಫೋಟೊ ಬರುತ್ತದೆಂದು ನನ್ನನ್ನೂ ಸೇರಿಸಿಕೊಂಡರು. ತಂಡದ ಹಿರಿಯರೇ ನಮ್ಮ ಯಜಮಾನರು. ಶುಂಠಿ, ಹೊಗೆಸೊಪ್ಪು, ಜೋಳ ಎಲ್ಲ ಬೆಳೆಯುವ ದೊಡ್ಡ ಹಿಡುವಳಿದಾರರು. ಗರಿಗರಿ ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವೆಲ್. ತಾವು ಕೂತು ಬಗೆಹರಿಸಿದ ಒಂದು ಬದುವೂ ಇಲ್ಲಿಯವರೆಗೆ ಕೋರ್ಟಿನ ಮೆಟ್ಟಿಲು ಹತ್ತಿಲ್ಲ ಎಂಬುದು ಅವರ ಹೆಮ್ಮೆ. ಪರಿಚಯವಾದ ಅರ್ಧ ಗಂಟೆಯೊಳಗೆ ಅದನ್ನು ಯಾರಿಗಾದರೂ ಹೇಳಿಯೇ ಹೇಳುತ್ತಿದ್ದರು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಹೆಣ್ಣುಮಗಳಿಗೂ ಕನ್ನಡದಲ್ಲೇ ಹೇಳಿದರು. ಆಕೆ ಮುದ್ರೆ ಒತ್ತಿದಳು.

ಅಲ್ಲಿ ನಮಗೆ ಒಬ್ಬ ಗೈಡ್, ಒಬ್ಬ ಡ್ರೈವರ್. ಗೈಡ್ ಇಸ್ರೇಲಿ, ಡ್ರೈವರ್ ಜೆರುಸಲೇಮಿನ ಅರಬ. ಇಬ್ಬರೂ ಬಹಳ ವರ್ಷಗಳಿಂದ ಒಂದೇ ಬಸ್ಸಿನಲ್ಲಿ ದುಡಿಯುತ್ತಿದ್ದರು. ಫುಟ್‌ಬಾಲ್ ಬಿಟ್ಟು ಬೇರೆ ಯಾವ ವಿಷಯವನ್ನೂ ಮಾತಾಡದೆ ಸೌಹಾರ್ದವನ್ನು ಕಾಪಾಡಿಕೊಂಡು ಬಂದಿದ್ದರು. ಜೋರ್ಡಾನ್ ನದಿಯ ಕಡೆ ಖರ್ಜೂರದ ತೋಟ ನೋಡಿ ಜೆರುಸಲೇಮಿಗೆ ವಾಪಸಾಗುವಾಗ ದೊಡ್ಡ ರಸ್ತೆ ಮುಚ್ಚಿತ್ತು. ಬಸ್ಸು ಗುಡ್ಡದ ರಸ್ತೆ ಹಿಡಿಯಿತು. ಒಂದು ತಿರುವಿನಲ್ಲಿ ಸೈನ್ಯದ ಜೀಪು ಅಡ್ಡ ನಿಂತಿತ್ತು. ನಾವೂ ನಿಂತೆವು.

ಪಕ್ಕದ ಇಳಿಜಾರಿನಲ್ಲಿ ಕಲ್ಲಿನ ಬದು ಕಟ್ಟಿ ಮಾಡಿದ ಮೆಟ್ಟಿಲು ಮೆಟ್ಟಿಲು ಹೊಲ, ಅದರ ತುಂಬ ಆಲಿವ್ ಮರ. ಕೆಳಗಿನ ಮೆಟ್ಟಿಲಲ್ಲಿ ಒಂದು ಪ್ಯಾಲೆಸ್ಟೀನಿ ಸಂಸಾರ ಕಾಯಿ ಉದುರಿಸುತ್ತಿತ್ತು: ಒಬ್ಬ ಮುದುಕ, ಅವನ ಹೆಂಡತಿ, ಸೊಸೆಯಂದಿರು, ಮೂರು ನಾಲ್ಕು ಜನ ಹುಡುಗರು. ಗುಡ್ಡದ ನೆತ್ತಿಯಲ್ಲಿ ಕೆಂಪು ಹೆಂಚಿನ ಹೊಸ ಮನೆಗಳು, ಇಸ್ರೇಲಿಗಳದು. ಅಲ್ಲಿಂದ ಕೆಲವು ಯುವಕರು ಇಳಿದು ಬಂದಿದ್ದರು. ನಡುವೆ ಸೈನಿಕರು. ಈ ತೋಟ ಯಾರದು ಎಂಬ ಬಗ್ಗೆ ಮೇಲಿನವರದು ಒಂದು ಮಾತು, ಕೆಳಗಿನವರದು ಇನ್ನೊಂದು.

ನಾನು ನೋಡಿದ್ದನ್ನು ನೋಡಿದಷ್ಟೇ ಹೇಳುತ್ತೇನೆ. ಮೇಲಿನ ಸಾಲಿನ ಮರಗಳನ್ನು ಯಾರೋ ಮೊಳಕಾಲೆತ್ತರಕ್ಕೆ ಕಡಿದಿದ್ದರು, ಬುಡ ಇನ್ನೂ ಹಸಿಯಾಗಿತ್ತು. ಕಡಿದ ಮರ ನೋಡಿದೆ, ಕಡಿದವರನ್ನು ನೋಡಲಿಲ್ಲ. ಮೇಲಿನಿಂದ ಬಂದವನೊಬ್ಬ ದೊಣ್ಣೆಯಿಂದ ಮುದುಕನ ಮುಂಗೈಗೆ ಹೊಡೆದದ್ದನ್ನು ನೋಡಿದೆ. ಆಮೇಲೆ ಆ ಕೈ ಜೋತುಬಿದ್ದಿತ್ತು. ಕೆಳಗಿನಿಂದ ಹಾರಿದ ಕಲ್ಲೊಂದು ಸೈನಿಕನ ಕೆನ್ನೆಗೆ ಬಿದ್ದದ್ದನ್ನೂ ನೋಡಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಬಂದವನ ಹಾಗಿದ್ದ ಅವನು, ರಕ್ತ ಒರೆಸಿಕೊಂಡ ಕೈಯನ್ನೇ ನೋಡುತ್ತ ನಿಂತಿದ್ದ. ಕಲ್ಲು ಎರಡೂ ಕಡೆಯಿಂದ ಹಾರುತ್ತಿತ್ತು. ಮೊದಲನೆಯ ಕಲ್ಲು ಯಾರದೆಂದು ನನಗೆ ಗೊತ್ತಿಲ್ಲ. ಆ ಚಾರಿತ್ರಿಕ ಕ್ಷಣದಲ್ಲಿ ನಾನು ಬಸ್ಸಿನೊಳಗೆ ಕೋಡುಬಳೆ ಡಬ್ಬಿಯ ಮುಚ್ಚಳ ಬಿಚ್ಚುತ್ತಿದ್ದೆ.

ಯಜಮಾನರು ಕಿಟಕಿಯಲ್ಲಿ ಬಗ್ಗಿ ನೋಡಿದರು.

“ಇದು ಬದಿನ ಜಗಳ ಕಣ್ರೀ ಪೇಪರ್ನೋರೆ. ಇದುಕ್ಕೆ ಇಷ್ಟೊಂದು ಪೊಲೀಸ್ನೋರಾ?”

“ಅದು ಅಷ್ಟು ಸುಲಭದ್ದಲ್ಲ, ಯಜಮಾನ್ರೇ.”

“ಯಾವ್ ಬದ ಸುಲುಭವಾಗೈತೆ? ಅದ್ದಿನ ಕಲ್ಲು ಎಲ್ಲೈತೆ ಅಂತ ಆ ಗೈಡ್ನ ಕೇಳಿ.”

ಹದ್ದಿನ ಕಲ್ಲೆಂದರೆ ಗಡಿಗಲ್ಲು. ನಾನು ಇಂಗ್ಲಿಷಿನಲ್ಲಿ ಗೈಡನ್ನು ಕೇಳಿದೆ. ಅವನು ತಲೆ ಹಿಡಿದುಕೊಂಡು, ನಮ್ಮಪ್ಪ ಹುಟ್ಟುವ ಮೊದಲಿಂದಲೂ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ, ದಯವಿಟ್ಟು ಬಸ್ಸಿನಿಂದ ಇಳಿಯಬೇಡಿ ಎಂದ. ಅವನು ಹೇಳಿ ಮುಗಿಸುವಷ್ಟರಲ್ಲಿ ಯಜಮಾನರು ಇಳಿದಾಗಿತ್ತು. ನಾನೂ ಕ್ಯಾಮೆರಾ ಹಿಡಿದು ಹಿಂದೆ ಹೋದೆ. ಅದು ನನ್ನ ಕೆಲಸ.

ಅವರು ಪಂಚೆ ಎತ್ತಿ ಕಟ್ಟಿ, ಸೈನಿಕರ ಪಕ್ಕದಲ್ಲೇ ಹಾದು, ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇದ್ದ ಕಲ್ಲಿನ ಬದುವಿನ ಮೇಲೆ ಟವೆಲ್ ಹಾಸಿ ಕೂತುಬಿಟ್ಟರು. ಕೂತು, ಹೆಬ್ಬೆರಳನ್ನು ಬಾಯಿಗೆ ತೋರಿಸಿ, “ನೀರು ಕೊಡ್ರಪ್ಪ,” ಎಂದರು. ಅಷ್ಟು ವರ್ಷಗಳಿಂದ ಪ್ರಪಂಚದ ಯಾವ್ಯಾವ ದೇಶದವರೋ ಬಂದು ಆ ಗುಡ್ಡದಲ್ಲಿ ಏನೇನೋ ಕೇಳಿರಬಹುದು, ಬದುವಿನ ಮೇಲೆ ಕೂತು ನೀರು ಕೇಳಿದವರು ಬಹುಶಃ ಇವರೇ ಮೊದಲು. ಕಲ್ಲು ಹಾರುವುದು ನಿಂತಿತು. ಶಾಂತಿಯಿಂದಲ್ಲ, ಗೊಂದಲದಿಂದ.

ಡ್ರೈವರ್ ರಸ್ತೆಯಿಂದಲೇ ಅರಬ್ಬಿಯಲ್ಲಿ ಏನೋ ಕೂಗಿ ಹೇಳಿದ. ಮುದುಕನ ಹೆಂಡತಿ ಹಳದಿ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ ತಂದುಕೊಟ್ಟಳು. ಯಜಮಾನರು ಎತ್ತಿ ಕುಡಿದರು. ಖಾಲಿ ಲೋಟವನ್ನು ಮೇಲಿನವರ ಕಡೆಗೆ ಚಾಚಿ ಹಿಡಿದು ಕಾದರು. ಮೇಲಿನವರು ಅಲುಗಲಿಲ್ಲ. ಸೈನ್ಯದ ಅಧಿಕಾರಿ ಅರಚುತ್ತಿದ್ದ. ನಮ್ಮ ಗೈಡ್ ಓಡಿಬಂದು, ಯಜಮಾನರಿಗೆ ಹೃದಯದ ಕಾಯಿಲೆ ಎಂದು ಆ ಅಧಿಕಾರಿಗೆ ಸುಳ್ಳು ಹೇಳಿದ. ಆಗ ಒಬ್ಬ ಸೈನಿಕ ಸೊಂಟದ ಬಾಟಲಿ ಬಿಚ್ಚಿ ಕೊಟ್ಟ. ಯಜಮಾನರು ಅದನ್ನೂ ಕುಡಿದರು. ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿ, “ಸರ್ಕಾರದ ನೀರೂ ಆ ಕಡೆ ನೀರೇಯ. ಆಯ್ತು,” ಎಂದರು.

ಆ ಹೆಂಗಸು ನನಗೂ ಒಂದು ಲೋಟ ತಂದಳು. ನಾನು ಬೇಡವೆಂದೆ. ಎರಡು ಕಡೆಯವರಿಂದಲೂ ಏನನ್ನೂ ಸ್ವೀಕರಿಸಬಾರದೆಂಬುದು ನಮ್ಮ ವೃತ್ತಿಯ ನಿಯಮ. ಹಾಸನದಲ್ಲಿ ಈ ನಿಯಮಕ್ಕೆ ಕಾಫಿ, ಊಟ, ಡೈರಿ, ಬ್ಯಾಗುಗಳ ವಿನಾಯಿತಿ ಇದೆ. ವಿದೇಶದಲ್ಲಿ ನಾನು ಕಟ್ಟುನಿಟ್ಟಾಗಿದ್ದೆ.

ಸ್ವಲ್ಪ ಹೊತ್ತು ನಿಜವಾಗಿಯೂ ಏನೂ ನಡೆಯಲಿಲ್ಲ. ಸೊಸೆಯೊಬ್ಬಳು ಈ ಸಂದರ್ಭವನ್ನು ಉಪಯೋಗಿಸಿಕೊಂಡು ಬಟ್ಟೆಯ ಮೇಲೆ ಬಿದ್ದಿದ್ದ ಕಾಯನ್ನೆಲ್ಲ ಸರಸರನೆ ಚೀಲಕ್ಕೆ ತುಂಬಿದಳು. ಯಜಮಾನರು ಗಂಟಲು ಸರಿಮಾಡಿಕೊಂಡು, “ಈಗ ಒಬ್ಬೊಬ್ರೇ ಏಳಿ,” ಎಂದರು. ನಾನು ಇಂಗ್ಲಿಷಿಗೆ ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಎಲ್ಲಿಂದಲೋ ಕಲ್ಲು ಬಿತ್ತು, ಅಶ್ರುವಾಯು ಸಿಡಿಯಿತು. ಕಣ್ಣು ಕಾಣಲಿಲ್ಲ. ಹೊಗೆಯೊಳಗೆ ಮುದುಕ ಸರಿಯಿದ್ದ ಕೈಯಲ್ಲಿ ಯಜಮಾನರ ತೋಳು ಹಿಡಿದು ಏನೋ ಹೇಳಿದ. ಗೈಡ್ ಮತ್ತು ಡ್ರೈವರ್ ನಮ್ಮಿಬ್ಬರನ್ನೂ ದರದರ ಎಳೆದು ಬಸ್ಸಿಗೆ ಹಾಕಿದರು.

ಬಸ್ಸು ಹೊರಟ ಮೇಲೆ ಯಜಮಾನರು, ಆ ಮುದುಕ ಏನಂದ ಎಂದು ನನ್ನಿಂದ ಡ್ರೈವರನ್ನು ಕೇಳಿಸಿದರು.

“ಮತ್ತೆ ಯಾವಾಗ ಬರ್ತೀರಿ ಅಂತ ಕೇಳಿದನಂತೆ,” ಎಂದೆ.

“ಅದುಕ್ಕೆ ಡ್ರೈವರು ಏನಂದ?”

“ಇವರು ಟೂರಿಸ್ಟು ಅಂದನಂತೆ.”

ಆ ರಾತ್ರಿ ಜೆರುಸಲೇಮಿನ ಹೋಟೆಲಿನಲ್ಲಿ ಯಜಮಾನರು ಊಟಕ್ಕೆ ಏಳಲಿಲ್ಲ. ಟವೆಲ್ ಗುಡ್ಡದಲ್ಲೇ ಉಳಿದುಬಿಟ್ಟಿತ್ತು.

ಊರಿಗೆ ಬಂದ ಮೇಲೆ ನಮ್ಮ ಪತ್ರಿಕೆ ಹನಿ ನೀರಾವರಿಯ ಪೈಪುಗಳಿಗೆ ಮೂರು ಕಾಲಂ ಕೊಟ್ಟಿತು. ಗುಡ್ಡದ ಘಟನೆಯನ್ನು ಸಂಪಾದಕರು ಕತ್ತರಿಸಿ ‘ಪ್ರವಾಸದ ನಡುವೆ ಸಣ್ಣ ಅಡಚಣೆ’ ಎಂಬ ಬಾಕ್ಸ್ ಮಾಡಿದರು. ಚನ್ನರಾಯಪಟ್ಟಣದಲ್ಲಿ ನಮಗೆ ಪೇಟ, ಶಾಲು, ಹಣ್ಣಿನ ಬುಟ್ಟಿ ಸಮೇತ ಸನ್ಮಾನವಾಯಿತು. ಅಧ್ಯಕ್ಷತೆ ವಹಿಸಿದ್ದವರು ಗಡಿಯಾರ ನೋಡಿಕೊಂಡು ನನಗೆ, “ತಾವು ಪ್ರತ್ಯಕ್ಷದರ್ಶಿಗಳು. ತಪ್ಪು ಯಾರದು ಅಂತ ಒಂದೇ ಮಾತಲ್ಲಿ ಹೇಳ್ಬಿಡಿ ಸಾರ್, ಊಟಕ್ಕೆ ಎಲೆ ಹಾಕಿದಾರೆ,” ಎಂದರು. ನಾನು ನೋಡಿದ್ದನ್ನು ಹೇಳಲು ಶುರುಮಾಡಿದೆ. ಕಡಿದ ಮರದವರೆಗೆ ಬರುವಾಗ ಸಭೆಯ ಬಲಭಾಗ ಬೇಸರಗೊಂಡಿತು, ಸೈನಿಕನ ಕೆನ್ನೆಯವರೆಗೆ ಬರುವಾಗ ಎಡಭಾಗ. ಕೋಡುಬಳೆಯವರೆಗೆ ಬರುವಷ್ಟರಲ್ಲಿ ಎಲ್ಲರೂ ಊಟಕ್ಕೆ ಎದ್ದಿದ್ದರು. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಇಬ್ಬರು ಇದೇ ವಿಷಯಕ್ಕೆ ಜಗಳವಾಡಿಕೊಂಡು ಮಾತು ಬಿಟ್ಟಿದ್ದರು. ಇಬ್ಬರೂ ಶಿರಾಡಿ ಘಾಟ್ ಇಳಿದವರಲ್ಲ. ನಾನು ಅಲ್ಲಿಗೆ ಹೋಗಿಬಂದವನೆಂದು ಹೋಟೆಲಿನವರು ಹೇಳಿದಾಗ ಒಬ್ಬ ನನ್ನನ್ನು ಮೇಲೆ ಕೆಳಗೆ ನೋಡಿ, “ಓಗ್ಬಂದೋರಿಗೆ ಏನ್ ಗೊತ್ತಿರ್ತದೆ ಬುಡಿ,” ಎಂದ.

ಮರುವರ್ಷ ಯುದ್ಧ ಶುರುವಾಯಿತು. ಗಡಿ ದಾಟಿ ಬಂದು ಮನೆ ಮನೆಗೆ ನುಗ್ಗಿ ಕೊಂದದ್ದು, ಒತ್ತೆಯಾಳುಗಳನ್ನು ಎಳೆದೊಯ್ದದ್ದು, ಆಮೇಲೆ ಗಾಜಾದ ಮೇಲೆ ಬಿದ್ದ ಬಾಂಬು, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಕ್ಕಳು. ಆಫೀಸಿನಲ್ಲಿ ಕೂತು ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂತು. ಸತ್ತವರ ಸಂಖ್ಯೆ ಪುಟ ಅಚ್ಚಿಗೆ ಹೋಗುವಷ್ಟರಲ್ಲಿ ಹಳತಾಗುತ್ತಿತ್ತು. ಯಜಮಾನರು ಫೋನ್ ಮಾಡಿ, ನಮ್ಮ ಬದು ಏನಾಯಿತು ವಿಚಾರಿಸಿ ಎಂದರು. ‘ನಮ್ಮ ಬದು’ ಎಂದರೆ ಆ ಗುಡ್ಡದ್ದು. ನಾನು ಮೆಸೇಜ್ ಮಾಡಿದೆ. ಗೈಡ್, ತನ್ನ ಅಕ್ಕನ ಮಗ ಮೊದಲ ದಿನವೇ ಸತ್ತನೆಂದು ಬರೆದ, ಬೇರೇನೂ ಬರೆಯಲಿಲ್ಲ. ಡ್ರೈವರ್ ಕೆಲವು ದಿನ ಬಿಟ್ಟು ಉತ್ತರಿಸಿದ. ತೋಟಕ್ಕೆ ಹೋಗುವ ದಾರಿಗೆ ಗೇಟ್ ಹಾಕಿದ್ದಾರೆ, ಈ ಸಲ ಕಾಯಿ ಬಿಡಿಸಲು ಬಿಟ್ಟಿಲ್ಲ. ಮುದುಕ ಬದುಕಿದ್ದಾನೆ, ಆ ಕೈ ಮೇಲೆ ಏಳುವುದಿಲ್ಲ. ಗೈಡ್ ಜೊತೆ ಈಗ ಬಸ್ಸು ಓಡಿಸುತ್ತಿಲ್ಲ.

ಎರಡನ್ನೂ ಓದಿ ಹೇಳಿದೆ. ಯಜಮಾನರು, “ಸರಿ,” ಎಂದು ಫೋನ್ ಇಟ್ಟರು.

ಇದಾದ ಮರುವರ್ಷ ಒಂದು ದಿನ ಮಲ್ಲಿಪಟ್ಟಣದ ಕಡೆಯ ಇಬ್ಬರು ದಾಯಾದಿಗಳು ಹಾಸನದ ನಮ್ಮ ಆಫೀಸಿಗೆ ಬಂದರು. ಊರಿನಲ್ಲಿ ಇವರನ್ನು ಮೇಲ್ಮನೆಯವನು, ಕೆಳಮನೆಯವನು ಎನ್ನುತ್ತಾರೆ. ಒಂದೇ ಬಸ್ಸಿನಲ್ಲಿ ಬಂದು, ಒಬ್ಬ ಮುಂದಿನ ಬಾಗಿಲಲ್ಲಿ, ಇನ್ನೊಬ್ಬ ಹಿಂದಿನ ಬಾಗಿಲಲ್ಲಿ ಇಳಿದಿದ್ದರು. ಜೆಸಿಬಿಯವನು ಹೊಲ ಮಟ್ಟ ಮಾಡುವಾಗ ಇವರಿಬ್ಬರ ನಡುವಿನ ಬದುವನ್ನೂ ಮಟ್ಟ ಮಾಡಿಬಿಟ್ಟಿದ್ದ. ಬದು ಇದ್ದ ಆ ಪಟ್ಟಿಯಲ್ಲಿ ಕೆಳಮನೆಯವನು ಶುಂಠಿ ಹಾಕಿದ್ದ. ಕೀಳಲು ಹೋದಾಗ ಮೇಲ್ಮನೆಯವನು ಗುದ್ದಲಿ ಎತ್ತಿದ್ದ. ಕೀಳದೆ ಬಿಟ್ಟರೆ ಮಳೆ ಬಿದ್ದು ಕೊಳೆರೋಗ ಬರುತ್ತದೆ. ಇಬ್ಬರೂ ಯಜಮಾನರನ್ನು ಕರೆದರೆ ಅವರು ಬರಲು ಒಪ್ಪುತ್ತಿಲ್ಲ.

“ಯಾಕಂತೆ?”

“ಯಾವ್ದೋ ದೇಸದಲ್ಲಿ ನೀರು ಕುಡ್ದಿದಾರಂತೆ ಸಾ,” ಎಂದ ಮೇಲ್ಮನೆಯವನು. “ಅದು ಮುಗಿಯಗಂಟ ಕೂರಂಗಿಲ್ಲಂತೆ.”

“ಅದು ಮುಗಿಯೋದು ಯಾವಾಗ ಸಾ?” ಎಂದ ಕೆಳಮನೆಯವನು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವನಂತೆ.

ಹೇಳುವುದು ಕಷ್ಟ ಎಂದೆ.

“ಅಂಗಾರೆ ನಿಮ್ ಪೇಪರ್ನಲ್ಲಿ ಮುಗೀತು ಅಂತ ಆಕ್ಬುಡಿ ಸಾ. ಶುಂಠಿ ಕಿತ್ಕಳೋಗಂಟ ಸಾಕು.”

“ಆಮೇಲೆ ಬೇಕಾದ್ರೆ ಮತ್ತೆ ಶುರುವಾಯ್ತು ಅಂತ ಆಕಿ,” ಎಂದು ಮೇಲ್ಮನೆಯವನು ಉದಾರವಾಗಿ ಸೇರಿಸಿದ.

ಒಂದು ಜಿಲ್ಲಾ ಪತ್ರಿಕೆಯಿಂದ ಇಷ್ಟು ದೊಡ್ಡ ಕೆಲಸವನ್ನು ಯಾರೂ ನಿರೀಕ್ಷಿಸಿರಲಿಲ್ಲ. ವಿನಯದಿಂದ ನಿರಾಕರಿಸಿ, ಯಜಮಾನರೊಡನೆ ಮಾತಾಡಲು ಒಪ್ಪಿ ಮಲ್ಲಿಪಟ್ಟಣಕ್ಕೆ ಹೋದೆ.

ಯಜಮಾನರು ಜಗಲಿಯಲ್ಲಿ ಕೂತಿದ್ದರು. ಹೊಸ ಟವೆಲ್ ಇತ್ತು, ಆದರೆ ಹೆಗಲ ಮೇಲಲ್ಲ, ಗೂಟದ ಮೇಲೆ. ಅವರ ಹೆಂಡತಿ ನನಗೆ ಮಜ್ಜಿಗೆ ಕೊಟ್ಟು, “ಏನಾರ ಏಳ್ರಪ್ಪ ಇವ್ರಿಗೆ. ಅಲ್ಲೆಲ್ಲೋ ಗುಡ್ದಲ್ಲಿ ನೀರು ಕುಡ್ದು ಬಂದ್ಬುಟ್ಟು, ಇಲ್ಲಿ ಯಾರ ಮನೇಲೂ ಒಂದು ಲೋಟ ಮುಟ್ಟಾಕಿಲ್ಲ. ಮದ್ವೆ ಮನೇಲೂ ನೀರಿನ ಬಾಟ್ಲು ಇಲ್ಲಿಂದ್ಲೆ ಒತ್ಕಂಡೋಯ್ತರೆ,” ಎಂದರು.

ನನ್ನ ಹಿಂದೆಯೇ ಬಂದಿದ್ದ ದಾಯಾದಿಗಳು ಅಂಗಳದಲ್ಲಿ ದೂರ ದೂರ ನಿಂತಿದ್ದರು. ನಾನು ದಾರಿಯಲ್ಲಿ ಹೊಂದಿಸಿಕೊಂಡಿದ್ದ ವಾದವನ್ನು ಮುಂದಿಟ್ಟೆ.

“ಯಜಮಾನ್ರೇ, ನೀರು ಕೊಟ್ಟವನು ಸೈನಿಕ. ಜಗಳ ಇದ್ದದ್ದು ಗುಡ್ಡದ ಮೇಲಿನವರದು. ಅವರು ಕೊಡಲಿಲ್ಲ. ಲೆಕ್ಕಕ್ಕೆ ಬಂದದ್ದು ಒಂದೇ ಕಡೆಯ ನೀರು. ಹಾಗಾಗಿ ನೀವು ಕೂತದ್ದು ಊರ್ಜಿತವೇ ಅಲ್ಲ.”

“ಔದು ಔದು,” ಎಂದವು ಅಂಗಳದ ಎರಡು ಮೂಲೆಗಳು.

ಯಜಮಾನರು ಇದನ್ನು ಮೊದಲೇ ಯೋಚಿಸಿದ್ದರೆಂದು ಕಾಣುತ್ತದೆ.

“ಬಾಯಾರಿದ್ದಾಗ ಈಸ್ಕಂಡು ಕುಡ್ದಿವ್ನಿ. ಕುಡ್ದಾದ್ಮೇಲೆ ನೀನ್ಯಾರ್ಲಾ ಅಂತ ಕೇಳಕಾಯ್ತದಾ? ಆ ಮುದುಕ ಬೇರೆ ಯಾವಾಗ್ ಬತ್ತೀರಿ ಅಂತ ಕೇಳವ್ನೆ. ನಮ್ ಕಡೆಯಿಂದ ಓದ ಉತ್ರ ಏನು? ಟೂರಿಸ್ಟು.”

ಆ ಮಾತನ್ನು ಅವರು ಬೈಗುಳದ ಹಾಗೆ ಉಚ್ಚರಿಸಿದರು.

“ಹಾಗಾದರೆ ಈ ಶುಂಠಿ?”

ಯಜಮಾನರು ಎದ್ದು, ಗೂಟದಿಂದ ಟವೆಲ್ ತೆಗೆದುಕೊಂಡು, ಚಪ್ಪಲಿ ಮೆಟ್ಟಿದರು. ದಾಯಾದಿಗಳ ಮುಖ ಅರಳಿತು. ಮೇಲ್ಮನೆಯವನು ಬೀಡಿ ಎಸೆದ.

ಹೊಲಕ್ಕೆ ಹೋದೆವು. ಬದು ಇದ್ದಿರಬಹುದಾದ ಜಾಗದಲ್ಲಿ ಯಜಮಾನರು ಟವೆಲ್ ಹಾಸಿದರು. ಹಾಸಿ, ನನ್ನ ಕಡೆ ನೋಡಿ, “ಕೂತ್ಕಳಿ,” ಎಂದರು.

“ನಾನಾ?”

“ಅಲ್ಲಿ ಆ ಎಂಗ್ಸು ನಿಮ್ಗೂ ತಂದ್ಕೊಟ್ಲು. ಬ್ಯಾಡ ಅಂದ್ರಲ್ಲ, ನಾನು ನೋಡಿವ್ನಿ. ನಿಮ್ ಮೇಲೆ ಯಾವ ವ್ಯಾಜ್ಯವೂ ಇಲ್ಲ. ಕೂತ್ಕಳಿ.”

“ಇವ್ರಾ?” ಎಂದರು ದಾಯಾದಿಗಳು, ಇಬ್ಬರೂ ಒಟ್ಟಿಗೆ.

“ನೋಡಿ, ಇಬ್ರ ಬಾಯಲ್ಲೂ ಒಂದೇ ಮಾತು ಬಂತಲ್ಲ. ಶುರು ಚೆನ್ನಾಗೈತೆ,” ಎಂದರು ಯಜಮಾನರು.

ನಾನು ಪತ್ರಕರ್ತ, ನಾನು ಯಾವ ಕಡೆಯೂ ಸೇರುವಂತಿಲ್ಲ ಎಂದೆ.

“ಸೇರಿ ಅಂದೋರ್ಯಾರು? ಕುಡೀರಿ ಅಂದೆ. ಮೊನ್ನೆ ಅರಕಲಗೂಡಲ್ಲಿ ಪ್ರೆಸ್‌ಮೀಟು ಅಂತ ಬಂದು ಎರಡು ಸಲ ಪಾಯ್ಸ ಆಕಿಸ್ಕಂಡ್ರಲ್ಲ, ಆಗ ಯಾವ ಕಡೆ ಇದ್ರಿ?”

ಚಪ್ಪಲಿ ಬಿಟ್ಟು ಟವೆಲ್ ಮೇಲೆ ಕೂತೆ. ಮೇಲ್ಮನೆಯಿಂದ ಚೊಂಬಿನಲ್ಲಿ ಬಾವಿ ನೀರು ಬಂತು, ಕೆಳಮನೆಯಿಂದ ಅಂಗಡಿಯ ಬಾಟಲಿ, ಸೀಲು ಒಡೆಯದೆ. ಎರಡನ್ನೂ ಕುಡಿದೆ. ಇಬ್ಬರೂ ಗುದ್ದಲಿ ಕೆಳಗಿಟ್ಟರು. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಲ್ಲಿಯವರೆಗೆ ನನಗೆ ತೋರಿಸಿರದಷ್ಟು ಗೌರವದಿಂದ ನನ್ನ ಮುಖ ನೋಡತೊಡಗಿದರು. ಅದು ಬಹಳ ಭಯಂಕರವಾದ ಅನುಭವ. ಕ್ಯಾಮೆರಾ ಹಿಡಿದು ನಿಂತವನನ್ನು ಯಾರೂ ಹಾಗೆ ನೋಡುವುದಿಲ್ಲ.

ತೀರ್ಮಾನ ಒಂದೇ ದಿನಕ್ಕೆ ಆಗಲಿಲ್ಲ. ಸಂಜೆ ಹಾಸನದ ಬಸ್ಸು ಹೋಗಿಬಿಟ್ಟಿತು. ಮೇಲ್ಮನೆಯವರು ಊಟಕ್ಕೆ ಕರೆದರು, ಕೆಳಮನೆಯವರು ಕೋಳಿ ಕೊಯ್ಯುತ್ತೇವೆಂದರು. ಮುಗಿಯುವವರೆಗೆ ಇಬ್ಬರ ಮನೆಯಲ್ಲೂ ಉಣ್ಣುವಂತಿಲ್ಲ ಎಂದು ಯಜಮಾನರು ತಮ್ಮ ಮನೆಗೇ ಕರೆದೊಯ್ದು ಮುದ್ದೆ, ಸೊಪ್ಪಿನ ಸಾರು ಹಾಕಿಸಿದರು. ಕೋಳಿಯ ವಿಷಯದಲ್ಲಿ ನನಗೆ ಆ ನಿಯಮ ಸ್ವಲ್ಪ ಕ್ರೂರವೆನಿಸಿತು. ಆಮೇಲೆ ಮತ್ತೆ ಮತ್ತೆ ಹೋಗಬೇಕಾಯಿತು. ಕೊನೆಗೆ ಜೆಸಿಬಿಯವನನ್ನೇ ಕರೆಸಿದಾಗ, ಅವನು ಮಗುಚಿಹಾಕಿದ್ದ ಹದ್ದಿನ ಕಲ್ಲು ಮಣ್ಣಿನ ಗುಡ್ಡೆಯಡಿ ಸಿಕ್ಕಿತು. ಅದನ್ನು ಎಲ್ಲಿಂದ ಎತ್ತಿದ್ದೆನೆಂದು ಅವನು ತೋರಿಸಿದ; ಇಬ್ಬರೂ ಸಮನಾಗಿ ಗೊಣಗಿದರು; ಅಲ್ಲೇ ನೆಡಿಸಿದೆ. ಶುಂಠಿಯನ್ನು ಇಬ್ಬರ ಮನೆಯವರೂ ಸೇರಿ ಕಿತ್ತು ಅರ್ಧರ್ಧ ಮಾಡಿಕೊಂಡರು. ಆ ವ್ಯಾಜ್ಯ ಇಲ್ಲಿಯವರೆಗೆ ಕೋರ್ಟಿಗೆ ಹೋಗಿಲ್ಲ. ಇದನ್ನು ನಾನೂ ಈಗ ಪರಿಚಯವಾದ ಅರ್ಧ ಗಂಟೆಯೊಳಗೆ ಹೇಳುತ್ತೇನೆಂದು ಆಫೀಸಿನಲ್ಲಿ ದೂರು ಇದೆ.

ಯಜಮಾನರು ಅಷ್ಟೂ ದಿನ ಬಂದು, ಹೊಲದೊಳಗೆ ಕಾಲಿಡದೆ, ದಾರಿಯಲ್ಲೇ ನಿಂತು ನೋಡುತ್ತಿದ್ದರು. ಕಲ್ಲು ನೆಟ್ಟ ದಿನ ಟವೆಲ್ ಕೊಡವಿ ಅವರ ಕೈಗೆ ಕೊಟ್ಟೆ.

“ಮುಗೀತು, ಯಜಮಾನ್ರೇ.”

“ನಿಮ್ದು ಮುಗೀತು,” ಎಂದರು. ಟವೆಲನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ, ಮಡಿಸಿ ಕಂಕುಳಲ್ಲಿಟ್ಟುಕೊಂಡರು. “ಆ ಡ್ರೈವರ್ಗೆ ಒಂದ್ ಫೋನ್ ಮಾಡಿ. ಈ ಸಲ ಕಾಯಿ ಬಿಡ್ಸಕ್ಕೆ ಗೇಟ್ ತೆಗುದ್ರಾ ಕೇಳಿ.”

ಅಲ್ಲೇ ದಾರಿಯಲ್ಲಿ ನಿಂತು ಮಾಡಿದೆ. ಬಹಳ ಹೊತ್ತು ಯಾರೂ ಎತ್ತಲಿಲ್ಲ.

“ರಿಂಗ್ ಆಯ್ತೈತಾ?”

“ಆಗ್ತಾ ಇದೆ.”

“ಇಡಬ್ಯಾಡಿ,” ಎಂದರು ಯಜಮಾನರು.